ಅಟ್ಟದಲ್ಲಿ ಒಣಗಿದ ಟೇಪು

ಬ್ಯಾಕಪ್ ಟೇಪಿನ ಡಬ್ಬಿಯ ಮೇಲೆ ಮೂವತ್ತು ಟೆರಾಬೈಟ್ ಎಂದು ಬರೆದಿದ್ದರೆ ಅದರಲ್ಲಿ ಮೂವತ್ತು ಹಿಡಿಯುತ್ತದೆ ಎಂದು ಸುಳಿಸಿರಿ ತೆಂಗು ಬೆಳೆಗಾರರ ಸಂಘದಲ್ಲಿ ಎಲ್ಲರೂ ನಂಬಿದ್ದರು. ಸಂಘದ ನಿಯಮ ಸರಳವಾಗಿತ್ತು: ಪ್ರತಿ ಮರವನ್ನೂ ಬುಡದಿಂದ ಸುಳಿಯವರೆಗೆ ವಿಡಿಯೋ ಮಾಡಿ ಟೇಪಿಗೆ ಏರಿಸತಕ್ಕದ್ದು. ಟೇಪಿನಲ್ಲಿಲ್ಲದ ಮರವನ್ನು ಮರವೆಂದು ಪರಿಗಣಿಸಲಾಗದು. ಅದರ ಕೊಬ್ಬರಿಯನ್ನು ಕೊಳ್ಳಲಾಗದು.

ಹನ್ನೆರಡು ಟೆರಾಬೈಟ್ ತುಂಬಿದ್ದೇ ಟೇಪು ನಿಂತಿತು. ಸರದಿಯಲ್ಲಿ ಮುಂದಿದ್ದವಳು ಹೊನ್ನವಳ್ಳಿಯ ರಂಗಕ್ಕ. ಅವಳ ಕೊಬ್ಬರಿ ಆಗಲೇ ಸುಲಿದು ಚೀಲ ಸೇರಿತ್ತು. ಸುಲಿದ ಕೊಬ್ಬರಿ ಸಂಘಕ್ಕೆಂದು ಕಾಯುವುದಿಲ್ಲ, ಮುಗ್ಗಲು ಹಿಡಿಯುತ್ತದೆ.

"ಇನ್ನೂ ಹದಿನೆಂಟು ಜಾಗ ಐತಲ್ಲ ಸ್ವಾಮಿ. ನನ್ನ ಮರ ಏನು ಅಷ್ಟು ದಪ್ಪವಾ?" ಎಂದಳು.

ಕಾರ್ಯದರ್ಶಿ ರೇಣುಕಪ್ರಸಾದ್ ಡಬ್ಬಿಯನ್ನು ಬೆಳಕಿಗೆ ಹಿಡಿದು ಓದಿದರು. ಹನ್ನೆರಡು ಎಂದೂ ಇತ್ತು, ಮೂವತ್ತು ಎಂದೂ ಇತ್ತು. ಮೂವತ್ತರ ಪಕ್ಕದಲ್ಲಿ, ಸಣ್ಣಕ್ಷರದಲ್ಲಿ, 'ಕುಗ್ಗಿಸಿದಾಗ'.

ಅಧ್ಯಕ್ಷ ಕಾಡಸಿದ್ದಪ್ಪನವರಿಗೆ ತಕ್ಷಣ ಅರ್ಥವಾಯಿತು. "ಇನ್ನೂ ಹಸಿ ಐತೆ ಕಣ್ರೀ. ಒಣಗಿದ್ರೆ ತಾನೇ ಕುಗ್ಗೋದು? ಕಾಯಿ ಒಣಗಿಸೋ ಅಟ್ಟಕ್ಕಾಕಿ."

ಟೇಪು ಅಟ್ಟ ಸೇರಿತು. ಕೆಳಗೆ ಮಟ್ಟೆಯ ಹೊಗೆ ಹಾಕಲಾಯಿತು. ಬಾಗಿಲಿಗೆ ಪ್ರಕಟಣೆ ಬಿತ್ತು: "ದತ್ತಾಂಶವು ಹಸಿಯಾಗಿರುವುದರಿಂದ ಸದಸ್ಯರು ಸಹಕರಿಸತಕ್ಕದ್ದು. ಟೇಪನ್ನು ಅಲ್ಲಾಡಿಸಿ ನೋಡುವ ಅಧಿಕಾರ ಅಧ್ಯಕ್ಷರಿಗೆ ಮಾತ್ರ."

ರಂಗಕ್ಕ ಸಂತೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಕೇಳಿದಳು. "ಒಣಗ್ತಾ?"

"ಒಳಗೆ ನೀರೈತೆ, ಹೋಗಮ್ಮ."

"ನಂದು ಮುಗ್ಗಲು ಬತ್ತಾ ಐತೆ ಕಣಪ್ಪ."

"ಅದು ನಿಮ್ಮ ಕೊಬ್ಬರಿಯ ದೋಷ. ಟೇಪು ಚೆನ್ನಾಗೈತೆ," ಎಂದರು ರೇಣುಕಪ್ರಸಾದ್.

ಮಳೆಗಾಲದಲ್ಲಿ ಅವಳ ಕೊಬ್ಬರಿ, ಎಣ್ಣೆ ಗಾಣದವರು ಹೇಳಿದ ದರಕ್ಕೆ ಹೋಯಿತು.

ಮುಂದಿನ ಕೊಯ್ಲಿಗೆ ಮಹಾಸಭೆ ಕೂಡಿತು. ಅಧ್ಯಕ್ಷರು ಮಸಿ ಹಿಡಿದ ಟೇಪನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಲೊಟಲೊಟ ಎಂದಿತು. ತಿರುಳು ಚಿಪ್ಪು ಬಿಟ್ಟ ಕಾಯಿಯಂತೆಯೇ.

"ಒಣಗಿ ಗಿಟಕಾಗೈತೆ!" ಎಂದರು.

ಸಭೆ ಚಪ್ಪಾಳೆ ತಟ್ಟಿತು. ರಂಗಕ್ಕ ನಂಬಲಿಲ್ಲ, ವಿಶೇಷ ಅನುಮತಿ ಪಡೆದು ತಾನೇ ಅಲ್ಲಾಡಿಸಿದಳು. ಹುಟ್ಟಿದಾಗಿನಿಂದ ಕಾಯಿ ಅಲ್ಲಾಡಿಸಿದ ಕೈ, ಸುಳ್ಳು ಹೇಳಲಾಗಲಿಲ್ಲ. "ಒಣಗೈತೆ ಬುಡಿ," ಎಂದು ಒಪ್ಪಿ, ಹೊಸ ಕೊಬ್ಬರಿ ಸುಲಿಯಲು ಮನೆಗೆ ಹೋದಳು. ಇನ್ನಷ್ಟು ಟೇಪು ತರಿಸಿ ಹೊಗೆಗೆ ಹಾಕಲು ಸಭೆ ಸರ್ವಾನುಮತದಿಂದ ತೀರ್ಮಾನಿಸಿತು.

ವಿಡಿಯೋಗಳು ಮೊಬೈಲಿನಲ್ಲಿ ತೆಗೆದಾಗಲೇ ಕುಗ್ಗಿದ್ದವು; ಮತ್ತೆ ಕುಗ್ಗಲಾರವು. ಆ ಟೇಪಿನಲ್ಲಿ ಹಿಡಿಯುವುದು ಹನ್ನೆರಡೇ.