ಎಮ್ಮೆ ಎದುರಿಗಿದ್ದರೆ ಇಂಗ್ಲಿಷು

ಹತ್ತಿಮತ್ತೂರಿನ ಲೋಹಿತನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ಅದು ಶುದ್ಧ ಸುಳ್ಳು. ಓದಲು ಬರುತ್ತಿತ್ತು, ಬರೆಯಲು ಬರುತ್ತಿತ್ತು, ಕನಸಿನಲ್ಲಿ ಜಗಳವಾಡಲೂ ಬರುತ್ತಿತ್ತು. ಎದುರಿಗೊಬ್ಬ ಮನುಷ್ಯ ಬಂದು ನಿಂತನೆಂದರೆ ಮಾತ್ರ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. ಮೊಬೈಲಿನಲ್ಲಿ ಪಾಠ ಹೇಳುವ ಮಾಸ್ತರರೊಬ್ಬರು, “ನಿಮ್ಮನ್ನು ನೋಡಿ ನಗದವರ ಮುಂದೆ ದಿನಾ ಮಾತಾಡಿ, ಧೈರ್ಯ ತಾನೇ ಬರುತ್ತದೆ” ಎಂದಿದ್ದರು. ಲೋಹಿತ ಊರಿನ ಓಣಿ ಓಣಿಯನ್ನೂ ಮನಸ್ಸಿನಲ್ಲೇ ಸುತ್ತಿ ಬಂದ. ಅವನನ್ನು ನೋಡಿ ನಗದ ಜೀವ ಇದ್ದದ್ದು ಒಂದೇ, ಅವನ ಮನೆಯ ಎಮ್ಮೆ ಚಂದ್ರಿ.

ಅಂದಿನಿಂದ ಹಾಲು ಹಿಂಡುವ ಕೆಲಸವನ್ನು ಅವ್ವ ಕರೆವ್ವನ ಕೈಯಿಂದ ಕಿತ್ತುಕೊಂಡ. ಚಂದ್ರಿಯನ್ನು ಪರದೇಶದಿಂದ ಬಂದಿಳಿದ ಹೆಣ್ಣುಮಗಳೆಂದೇ ತಿಳಿದು, “ವೆಲ್‌ಕಮ್ ಮೇಡಮ್! ಹೌ ವಾಸ್ ಯುವರ್ ಜರ್ನಿ?” ಎಂದು ಶುರುಮಾಡಿದರೆ ಚರಿಗೆ ತುಂಬುವವರೆಗೂ ನಿಲ್ಲಿಸುತ್ತಿರಲಿಲ್ಲ. ಚಂದ್ರಿ ಕಿವಿ ನಿಮಿರಿಸಿ, ಮೆಲುಕು ಹಾಕುತ್ತ, ದೊಡ್ಡ ಕಣ್ಣು ಬಿಟ್ಟುಕೊಂಡು ಕೇಳುತ್ತಿತ್ತು. ಇಂಥ ಮರ್ಯಾದೆ ಪಾಪ ಅವನಿಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ. ನೋಡ ನೋಡುತ್ತ ಅವನ ಇಂಗ್ಲಿಷು ಮಳೆಗಾಲದ ಹಳ್ಳದ ಹಾಗೆ ಹರಿಯತೊಡಗಿತು.

ಬಂಕಾಪುರದ ಹತ್ತಿರ ಹೆದ್ದಾರಿಗೆ ಹೊಸದೊಂದು ಹೋಟೆಲು ಎದ್ದಿತ್ತು. ನವಿಲು ನೋಡಲು, ಗೊಟಗೋಡಿಯ ರಾಕ್ ಗಾರ್ಡನ್ ನೋಡಲು ಬರುವವರಲ್ಲಿ ಪರದೇಶದವರೂ ಇರುತ್ತಿದ್ದರು. ಅಂಥವರನ್ನು ಇಂಗ್ಲಿಷಿನಲ್ಲಿ ಮಾತಾಡಿಸಿ ರೂಮು ಕೊಡುವ ಕೆಲಸವೊಂದು ಖಾಲಿಯಿತ್ತು. ಟೈ ಕಟ್ಟಿಕೊಂಡು ಏಸಿಯಲ್ಲಿ ಕೂಡುವ ಕೆಲಸ. ಲೋಹಿತನಿಗೆ ಆ ಕುರ್ಚಿ ಬೇಕೇ ಬೇಕಾಗಿತ್ತು. ಅದರ ಇಂಟರ್‌ವ್ಯೂ ಇವತ್ತು ಮಧ್ಯಾಹ್ನ.

ಬೆಳಿಗ್ಗೆ ಪಕ್ಕದ ಮನೆಯ ಹೊಳಬಸಪ್ಪ ಬಂದು ಕಟ್ಟೆಯ ಮೇಲೆ ಕುಳಿತ. ಅವನದೊಂದು ಗೂಡ್ಸ್ ಗಾಡಿಯಿತ್ತು. ಆದರೆ ಹೆಚ್ಚು ಓಡುತ್ತಿದ್ದುದು ಅವನ ಬಾಯಿ.

“ತಮ್ಮಾ, ನನ್ನ ಮುಂದ ಒಂದೀಟು ಇಂಗ್ಲಿಷ್ ಮಾತಾಡು, ನೋಡೂಣು.”

ಲೋಹಿತ ಎದ್ದು ನಿಂತ. ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ. “ಗು...” ಎಂದ. ಮತ್ತೆ “ಗು...” ಎಂದ. ಹೊಳಬಸಪ್ಪ ಮೀಸೆಯೊಳಗೇ ನಕ್ಕ. ಅಷ್ಟೇ, ಲೋಹಿತನ ಅಂಗಿ ಬೆವರಿನಿಂದ ತೊಯ್ದುಹೋಯಿತು.

“ಯವ್ವಾ, ಕೆಟ್ಟೆ! ಚಂದ್ರಿ ಮುಂದ ಅಷ್ಟ ಬರ್ತೈತಿ, ಮನಷ್ಯಾರ ಮುಂದ ಒಂದಕ್ಷರ ಬರವಲ್ದು!” ಎಂದು ಕೂಗಿಕೊಂಡ.

ಕೂಗು ಕೇಳಿ ಎದುರು ಮನೆಯ ಉಡಚವ್ವ ಓಡಿಬಂದಳು. ಓಣಿಯಲ್ಲಿ ಯಾರ ಮನೆಯಲ್ಲಿ ಹಾಲು ಉಕ್ಕಿದರೂ ಮೊದಲು ಗೊತ್ತಾಗುವುದು ಅವಳಿಗೇ. “ಅದಕ್ಕ್ಯಾಕ ಅಳ್ತೀಯೋ? ಹೊಳಬಸಪ್ಪಗ ಒಂದು ಕರೀ ಕಂಬಳಿ ಹೊಚ್ಚು. ಎಮ್ಮಿ ಅಂತ ತಿಳ್ಕೊಂಡು ಮಾತಾಡು” ಎಂದಳು.

ಹೊಳಬಸಪ್ಪ ಕಂಬಳಿ ಹೊದ್ದು, ಗೂಟದ ಹತ್ತಿರ ಕೈಕಾಲೂರಿ ನಿಂತ. ಕರೆವ್ವ ಮುಂದೆ ಒಂದು ಹಿಡಿ ಮೇವನ್ನೂ ಹಾಕಿದಳು. ಲೋಹಿತ ಕಣ್ಣು ಅರ್ಧ ಮುಚ್ಚಿ, “ವೆಲ್‌ಕಮ್ ಮೇಡ...” ಎನ್ನುವುದರೊಳಗೆ ಕಂಬಳಿ ಗಡಗಡ ಅಲುಗಾಡಿತು. ಒಳಗಿನಿಂದ ಹೊಳಬಸಪ್ಪನ ನಗು ಹೊರಬಂತು.

“ಎಮ್ಮಿ ಹಂಗ ನಗೂದಿಲ್ಲ ಕಾಕಾ!” ಎಂದ ಲೋಹಿತ, ಅಳುವುದೊಂದು ಬಾಕಿ.

“ಹಂಗಾರ ಎಮ್ಮೀನ ಒಯ್ರಿ! ಕಿಟಕ್ಯಾಗ ಕಾಣೂ ಹಂಗ ಕಟ್ಟಿದ್ರಾತು. ಅದನ್ನ ನೋಡ್ಕೋಂತ ಮಾತಾಡ್ತಾನ” ಎಂದಳು ಉಡಚವ್ವ. ಇದು ಎಂಥ ಹುಚ್ಚು ಎಂದು ಯಾರೂ ಕೇಳಲಿಲ್ಲ. ಹೊಳಬಸಪ್ಪ ಆಗಲೇ ಗಾಡಿ ತರಲು ಹೋಗಿದ್ದ.

ಚಂದ್ರಿ ಗಾಡಿ ಹತ್ತಲು ಒಪ್ಪಲಿಲ್ಲ. ಹಿಂದಿನಿಂದ ನೂಕಿದರು, ಮುಂದಿನಿಂದ ಜಗ್ಗಿದರು, ಕರೆವ್ವ ಬೆಲ್ಲ ತೋರಿಸಿದಳು. ಏನೂ ಆಗಲಿಲ್ಲ. ಕೊನೆಗೆ ಲೋಹಿತ ಮೇಲೆ ನಿಂತು ತಲೆ ಬಾಗಿಸಿ, “ಪ್ಲೀಸ್ ಕಮ್, ಮೇಡಮ್, ದಿಸ್ ವೇ” ಎಂದ. ಚಂದ್ರಿ ಸುಮ್ಮನೆ ಹಲಗೆ ಏರಿ ಬಂದು ನಿಂತಿತು.

ಕರೆವ್ವ ಮುಂದೆ ಕುಳಿತಳು. ಲೋಹಿತ ಟೈ ಕಟ್ಟಿಕೊಂಡು ಹಿಂದೆ, ಎಮ್ಮೆಯ ಜೊತೆ ನಿಂತ. ಸವಣೂರು ದಾಟುವಾಗ ಯಾರೋ ಕೂಗಿ ಕೇಳಿದರು, “ಎಮ್ಮಿ ಮಾರಾಕೇನ್ರೀ?”

“ಅಲ್ರಿ, ಇಂಟರ್‌ವ್ಯೂಕ್ಕ” ಎಂದ ಹೊಳಬಸಪ್ಪ, ದೊಡ್ಡ ದನಿಯಲ್ಲಿ. ಬಂಕಾಪುರ ಬರುವಷ್ಟರಲ್ಲಿ ಅರ್ಧ ಟೈ ಚಂದ್ರಿಯ ಹೊಟ್ಟೆ ಸೇರಿತ್ತು.

ಹೋಟೆಲಿನ ಗೇಟಿನಲ್ಲಿ, “ತಾಜಾ ಹಾಲು ತಂದೇವ್ರಿ, ಇನ್ನೂ ಹಿಂಡಿಲ್ಲ” ಎಂದು ಹೇಳಿ ಹೊಳಬಸಪ್ಪ ಒಳಗೆ ನುಗ್ಗಿದ. ಆಫೀಸಿನ ಕಿಟಕಿಯ ಎದುರಿಗೇ ಚಂದ್ರಿಯನ್ನು ಇಳಿಸಿ ನಿಲ್ಲಿಸಿದರು. ಕರೆವ್ವ ಹಗ್ಗ ಹಿಡಿದುಕೊಂಡಳು.

ಒಳಗೆ ಮ್ಯಾನೇಜರು ಫರ್ಜಾನಾ ಮೇಡಮ್ ಕೋಟು ತೊಟ್ಟು, ಕಿಟಕಿಗೆ ಬೆನ್ನು ಮಾಡಿ ಬಿಗಿಯಾಗಿ ಕುಳಿತಿದ್ದರು. ಮುಖದಲ್ಲಿ ನಗುವಿನ ಸುಳಿವೇ ಇರಲಿಲ್ಲ. ಲೋಹಿತ ಕುಳಿತೊಡನೆ, “ಯೆಸ್. ಸ್ಪೀಕ್” ಎಂದರು.

ಲೋಹಿತ ಅವರ ಹೆಗಲ ಮೇಲಿಂದ ನೋಡಿದ. ಚಂದ್ರಿ ಕಿವಿ ನಿಮಿರಿಸಿತು. ಶುರುವಾಯಿತು ನೋಡಿ! ತನ್ನ ಹೆಸರು, ಊರು, ಓದು, ಬಂಕಾಪುರದ ಕೋಟೆ, ನವಿಲಿನ ಗರಿ, ಅತಿಥಿಗಳ ಸೇವೆ, ಎಲ್ಲವೂ ಇಂಗ್ಲಿಷಿನಲ್ಲಿ ಉಕ್ಕಿ ಬಂತು. ಮೇಡಮ್ ಆಗಾಗ “ಗುಡ್” ಎಂದರು. ಅಷ್ಟರಲ್ಲಿ ಹೊರಗೆ ಚಂದ್ರಿ ಬಾಲ ಬೀಸಿತು. ರೂಢಿಯ ಬಲ, ಲೋಹಿತನ ಬಾಯಿಂದ ತಾನಾಗಿಯೇ, “ಮೇಡಮ್, ಪ್ಲೀಸ್ ಡೋಂಟ್ ಶೇಕ್ ಯುವರ್ ಟೇಲ್” ಎಂದು ಬಂದುಬಿಟ್ಟಿತು.

ಅವನು ನಾಲಿಗೆ ಕಚ್ಚಿಕೊಂಡ. ಮುಗಿಯಿತು ಕತೆ ಅಂದುಕೊಂಡ.

“ವೆರಿ ಗುಡ್” ಎಂದರು ಮೇಡಮ್, ತಲೆಯಾಡಿಸುತ್ತ. “ಕಂಟಿನ್ಯೂ.”

ಎಂಥ ದೊಡ್ಡ ಮನಸ್ಸಿನವರು ಎಂದು ಲೋಹಿತನ ಕಣ್ಣು ತುಂಬಿ ಬಂತು. ಮತ್ತೆ ಮಾತು ಮುಂದುವರಿಸಬೇಕು, ಕಿಟಕಿಯಲ್ಲಿ ಚಂದ್ರಿ ಇಲ್ಲ! ಹೋಟೆಲಿನ ಹೂವಿನ ಗಿಡಗಳ ಕಡೆ ಓಡುತ್ತಿತ್ತು. ಹಗ್ಗದ ತುದಿಯಲ್ಲಿ ಕರೆವ್ವನೂ ಓಡುತ್ತಿದ್ದಳು. ಲೋಹಿತ “ಗು...” ಎಂದ. ಮೇಡಮ್ ಕಾಯ್ದರು. ಅವನು ಮತ್ತೆ “ಗು...” ಎಂದ. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಕೈ ಮುಗಿದುಬಿಟ್ಟ.

“ಮೇಡಮ್, ತಪ್ಪಾತ್ರಿ. ನನಗ ನಮ್ಮ ಎಮ್ಮಿ ಎದುರಿಗಿಲ್ಲಂದ್ರ ಇಂಗ್ಲಿಷ್ ಬರೂದಿಲ್ರಿ. ಅಕಿ ಜೋಡಿ ದಿನಾ ಮಾತಾಡಿ ಮಾತಾಡಿನ ಇಷ್ಟು ಧೈರ್ಯ ಬಂದೈತ್ರಿ.”

ಫರ್ಜಾನಾ ಮೇಡಮ್ ಎದ್ದರು. ಕಿಟಕಿಯಿಂದ ಹೊರಗೆ ಇಣುಕಿದರು. ಬಾಗಿಲ ಚಿಲಕ ಹಾಕಿ ಬಂದು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

“ಖರೇನ? ಎಮ್ಮಿ ಮುಂದ ಮಾತಾಡಿದ್ರ ಧೈರ್ಯ ಬರ್ತೈತೇನ್ರಿ?”

“ಬರ್ತೈತ್ರಿ ಮೇಡಮ್.”

“ಯಾ ಅಲ್ಲಾ! ನೀವು ಇಷ್ಟೊತ್ತು ಏನು ಹೇಳಿದ್ರಿ, ನನಗ ಒಂದೂ ತಿಳೀಲಿಲ್ರಿ. ಎದುರಿಗಿನವರು ಇಂಗ್ಲಿಷ್ ಶುರು ಮಾಡಿದ್ರಂದ್ರ ನನ್ನ ಕಿವಿನ ಮುಚ್ಕೋತಾವ. ನಾನೂ ಸವಣೂರಾಕಿ. ಮೊದಲಿನ ಮ್ಯಾನೇಜರ್ ಬಿಟ್ಟು ಹೋದ್ರು, ಮಾಲಕ್ರು ನನ್ನ ಕುಂದ್ರಿಸ್ಯಾರ. ಪರದೇಶದವ್ರು ಬಂದ್ರ ನಾನು ಬಾತ್‌ರೂಮಿನ್ಯಾಗ ಅಡಗಿ ಕುಂದ್ರತೇನ್ರಿ.”

ಲೋಹಿತನಿಗೆ ಸಂತೋಷ ತಡೆಯಲಾಗಲಿಲ್ಲ. “ಹಂಗಾರ ನನ್ನ ತಗೋರಿ ಮೇಡಮ್! ನಿಮ್ಮ ಬದಲಿ ನಾ ಮಾತಾಡ್ತೇನಿ. ಚಂದ್ರೀನ ಇಲ್ಲೆ ಕಿಟಕಿ ಮುಂದ ಕಟ್ಟೂಣು.”

ಮೇಡಮ್ ಮತ್ತೊಮ್ಮೆ ಕಿಟಕಿಯಾಚೆ ಇಣುಕಿದರು.

“ಎಮ್ಮಿ ಹ್ಯಾಂಗೂ ಕಟ್ಟೂದ ಆತು ಅಂದಮ್ಯಾಲೆ, ನೀವು ಯಾಕ್ರಿ?”

ಲೋಹಿತ “ಗು...” ಎಂದ. ಮೇಡಮ್ ಅದಾಗಲೇ ಹೊರಗೆ ಹೋಗಿ, ದಾಸವಾಳ ತಿನ್ನುತ್ತಿದ್ದ ಚಂದ್ರಿಯ ಎದುರು ನಿಂತಿದ್ದರು. ಅತ್ತಿತ್ತ ನೋಡಿ, ನಡುಗುವ ದನಿಯಲ್ಲಿ, “ಗುಡ್... ಗುಡ್ ಆಫ್ಟರ್‌ನೂನ್. ಐ ಆಮ್ ಫರ್ಜಾನಾ” ಎಂದರು. ಚಂದ್ರಿ ತಿನ್ನುವುದನ್ನು ನಿಲ್ಲಿಸಿ ಕಿವಿ ನಿಮಿರಿಸಿತು. ಮೇಡಮ್ಮಿನ ಮುಖ ಅರಳಿತು. ಆಮೇಲೆ ಅವರ ಮಾತು ನಿಲ್ಲಲೇ ಇಲ್ಲ. ಲೋಹಿತ ಅರ್ಧ ಟೈ ಹಿಡಿದುಕೊಂಡು ನೋಡುತ್ತ ನಿಂತ. ಕರೆವ್ವನೂ ಮೇಡಮ್ಮೂ ಪಕ್ಕಕ್ಕೆ ಹೋಗಿ ಮಾತಾಡಿಕೊಂಡು ನಗುತ್ತ ಬಂದರು.

ಸಂಜೆ ಗಾಡಿ ಓಣಿಗೆ ಬಂದಾಗ ಉಡಚವ್ವ ಸಕ್ಕರೆ ಡಬ್ಬಿ ಹಿಡಿದು ಕಾಯುತ್ತಿದ್ದಳು.

“ಕರೆವ್ವಾ, ನೌಕರಿ ಆತೇನ?”

“ಆತವ್ವಾ, ಆತು! ಊಟ, ವಸ್ತಿ ಎಲ್ಲಾ ಅವರದ. ಗಾರ್ಡನ್ ಮಗ್ಗಲಕ ನೆರಳಿನ ಜಾಗಾನೂ ಕೊಟ್ಟಾರ.”

ಉಡಚವ್ವ ಹಿಗ್ಗಿನಿಂದ ಲೋಹಿತನ ಬಾಯಿಗೆ ಒಂದು ಹಿಡಿ ಸಕ್ಕರೆ ಸುರಿದಳು. “ಶಾಣ್ಯಾ ನನ್ನಪ್ಪ! ಎಂದಿನಿಂದ ಹಾಜರಾಗಬೇಕೋ?”

“ಚಂದ್ರಿ ಇವತ್ತಿಂದನ ಹಾಜರ್” ಎಂದಳು ಕರೆವ್ವ, ಗಾಡಿ ಇಳಿಯುತ್ತ. “ಇಂವ ನಾಳಿಂದ ದಿನಾ ಮುಂಜಾನೆ ಹೋಗ್ಬೇಕು, ಅಕಿ ಸಗಣಿ ಕಸ ಬಳ್ಯಾಕ.”