ಹೋಗಲು ಆರು ತಾಸು, ಬರಲು ಹದಿನಾಲ್ಕು

ಕಲಬುರಗಿಯ ಶಹಾಬಜಾರದ ಗಲ್ಲಿಯೊಂದರಲ್ಲಿ ವಿಮಾನದ ಟಿಕೆಟ್ ಮಾಡಿಕೊಡುವ ಸಣ್ಣ ಅಂಗಡಿ ನನ್ನದು. ಟಿಕೆಟ್ಟಿಗಿಂತ ಧೈರ್ಯ ಕೇಳಿಕೊಂಡು ಬರುವವರೇ ಹೆಚ್ಚು. ವಾರಕ್ಕೊಬ್ಬರಾದರೂ ಎದುರಿನ ಕುರ್ಚಿಯಲ್ಲಿ ಕೂತು, ಎಷ್ಟು ದೂರ, ಎಷ್ಟು ತಾಸು, ನಡುವೆ ಏನಾದರೂ ಆದರೆ ಏನು ಗತಿ ಎಂದು ಬೆವರೊರೆಸಿಕೊಳ್ಳುತ್ತಾರೆ.

ವಾಪಸ್ ಬರುವ ದಾರಿ

ಕುಸನೂರಿನ ನಿವೃತ್ತ ಗಣಿತದ ಮಾಸ್ತರರೊಬ್ಬರು ಮಗಳ ಬಾಣಂತನಕ್ಕೆ ಹೆಂಡತಿಯೊಡನೆ ಹೈದರಾಬಾದಿನಿಂದ ಲಂಡನ್ನಿಗೆ ಹೊರಟಿದ್ದರು. ಟಿಕೆಟ್ ಒಯ್ದ ಮರುದಿನವೇ ಬಾಡಿದ ಮುಖ ಹೊತ್ತು ಬಂದರು. ಹೋಗುವಾಗ ಬೆಳಿಗ್ಗೆ ಏಳಕ್ಕೆ ಬಿಟ್ಟು ಮಧ್ಯಾಹ್ನ ಒಂದಕ್ಕೆ ಮುಟ್ಟುತ್ತದೆ, ಆರೇ ತಾಸು. ಬರುವಾಗಿನ ವೇಳೆ ಎಣಿಸಿದರೆ ಹದಿನಾಲ್ಕು. ದಾರಿ ಅದೇ, ಹಾಗಾದರೆ ಉಳಿದ ಎಂಟು ತಾಸು ವಿಮಾನವನ್ನು ಆಕಾಶದಲ್ಲಿ ಎಲ್ಲಿ ನಿಲ್ಲಿಸುತ್ತಾರೆ ಎಂಬುದು ಅವರ ಅಂಜಿಕೆ. ಹೆಂಡತಿ ಆಗಲೇ ರಾತ್ರಿಯ ಊಟ ಬಿಟ್ಟಿದ್ದರಂತೆ.

ಎರಡೂ ಕಡೆ ಹತ್ತು ತಾಸಿನ ಆಸುಪಾಸೇ, ಅಲ್ಲಿಯ ಗಡಿಯಾರ ನಮಗಿಂತ ನಾಲ್ಕೂವರೆ ತಾಸು ಹಿಂದೆ ಎಂದು ಬಿಡಿಸಿ ಹೇಳಿದೆ. ಮಾಸ್ತರರಿಗೆ ತಿಳಿಯಿತು, ಮುಖ ಮಾತ್ರ ಅರಳಲಿಲ್ಲ.

"ನಮ್ಮಾಕಿಗೆ ಹ್ಯಾಂಗ ಹೇಳಲ್ರೀ? ನಾಲ್ಕೂವರೆ ತಾಸು ಹಿಂದ ಬಿದ್ದ ಗಡಿಯಾರ ರಿಪೇರಿ ಮಾಡ್ಸಲಾರದ ಊರಿಗೆ ಮಗಳನ್ನ ಕೊಟ್ಟೀವಿ ಅಂತ ಇನ್ನೊಂದು ಹೊತ್ತಿನ ಊಟಾನೂ ಬಿಡ್ತಾಳ."

ಸಮುದ್ರದ ಮೇಲೆ ನಿಂತದ್ದು

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಮಾರುವ ಹೆಂಗಸೊಬ್ಬಳ ಮಗಳು ನರ್ಸ್. ಕೆಲಸಕ್ಕೆಂದು ಮಸ್ಕತ್ತಿಗೆ ಹೊರಟಳು. ಹೈದರಾಬಾದಿನಿಂದ ಮೂರೂವರೆ ತಾಸಿನ ಹಾದಿ. ವಿಮಾನ ಎಲ್ಲಿದೆ ಎಂದು ನಕ್ಷೆಯಲ್ಲಿ ತೋರಿಸುವ ಆ್ಯಪನ್ನು ತಾಯಿಯ ಫೋನಿಗೆ ನಾನೇ ಹಾಕಿಕೊಟ್ಟಿದ್ದೆ. ಅದೇ ತಪ್ಪಾಯಿತು. ಮಗಳು ಹಾರಿದ ದಿನ ಮಧ್ಯಾಹ್ನ ತಾಯಿ ಬಸ್ಸಿಳಿದು ಓಡುತ್ತ ಬಂದಳು. ಫೋನನ್ನು ನನ್ನ ಮುಂದೆ ಹಿಡಿದಳು. ಪರದೆಯ ತುಂಬ ನೀಲಿ ಸಮುದ್ರ, ನಡುವೆ ಪುಟ್ಟ ವಿಮಾನ.

"ಅಲ್ಲೇ ನಿಂತದರೀ. ನಾ ಕಮಲಾಪುರದಿಂದ ಇಲ್ಲಿತನಕ ಬಂದೆ, ಅದು ಒಂದ್ ಗೇಣೂ ಸರದಿಲ್ಲ."

ಇಸಿದುಕೊಂಡು ನೋಡಿದರೆ ಫೋನಿನಲ್ಲಿ ನೆಟ್ ಮುಗಿದಿತ್ತು. ರಿಚಾರ್ಜ್ ಮಾಡಿದೆ. ವಿಮಾನ ಒಂದೇ ನೆಗೆತಕ್ಕೆ ಮಸ್ಕತ್ತಿನಲ್ಲಿ ಇಳಿದು ನಿಂತಿತು, ಹಿಂದೆಯೇ ಮಗಳ ಫೋನೂ ಬಂತು. ತಾಯಿ ಸಮಾಧಾನವಾಗುವಷ್ಟು ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನ ಮುಂದ ಹಾರೋಕಿಂತ ಮೊದ್ಲೇ ರಿಚಾರ್ಜ್ ಮಾಡ್ರಿ. ಪಾಪ, ಅಷ್ಟು ಮಂದಿನ್ನ ಸಮುದ್ರದ ಮ್ಯಾಲ ನಿಲ್ಸಬಾರ್ದು."

ಪಕ್ಕದ ಸೀಟು

ಹದಿನೈದು ವರ್ಷ ಊರವರನ್ನೆಲ್ಲ ಹಾರಿಸಿದ ನಾನು ಒಮ್ಮೆಯೂ ನೆಲ ಬಿಟ್ಟಿರಲಿಲ್ಲ. ಹೋದ ವರ್ಷ ತಂಗಿಯ ಮನೆಗೆಂದು ಸಿಂಗಾಪುರಕ್ಕೆ ಹೋಗಲೇಬೇಕಾಯಿತು. ನಾಲ್ಕೂವರೆ ತಾಸು, ಕಣ್ಣುಮುಚ್ಚಿ ತೆಗೆಯುವುದರಲ್ಲಿ ಮುಟ್ಟುತ್ತೀರಿ ಎಂದು ಎಷ್ಟು ಜನಕ್ಕೆ ಹೇಳಿದ್ದೆನೋ. ವಿಮಾನ ಓಡತೊಡಗಿದ್ದೇ ಕಣ್ಣು ಮುಚ್ಚಿದೆ, ತೆಗೆಯಲು ಮಾತ್ರ ಆಗಲಿಲ್ಲ. ಚಕ್ರ ಹೈದರಾಬಾದಿನ ನೆಲ ಬಿಟ್ಟಾಗ ಪಕ್ಕದಲ್ಲಿ ಸಿಕ್ಕ ಕೈಯನ್ನು ಬಿಗಿಯಾಗಿ ಹಿಡಿದುಬಿಟ್ಟೆ.

ಅದು ಅಜ್ಜಿಯೊಬ್ಬರ ಕೈ. ಅವರು ಬಿಡಿಸಿಕೊಳ್ಳಲಿಲ್ಲ. ಯಾವೂರು ಎಂದು ಕೇಳಿದರು, ಕಲಬುರಗಿ ಎಂದೆ. ತಾವೂ ಅಲ್ಲಿಯವರೇ, ಮೊದಲ ಸಲ ಹಾರುತ್ತಿರುವುದು ಎಂದರು. ಆಮೇಲೆ ನನ್ನ ಬೆನ್ನು ಸವರುತ್ತ ಹೇಳಿದರು:

"ಅಂಜಬ್ಯಾಡ ಮಗಾ. ನಾನೂ ಭಾಳ ಅಂಜಿದ್ದೆ. ಶಹಾಬಜಾರದಾಗ ಟಿಕೆಟ್ ಮಾಡಿಕೊಡಾಂವ ಒಬ್ಬಾಂವ ಹಾನ, ಫೋನಿನ್ಯಾಗ ಧೈರ್ಯ ಹೇಳ್ಯಾನ. ಅಂವ ಇದ್ರಾಗ ನಲವತ್ತು ಸಲ ಹೋಗಿ ಬಂದಾನಂತ."