ಗಂಟಲು ದಾಟದ ಕಾಫಿ

ಕರುಳಿನ ಕಾಯಿಲೆಯವನು ನಗೆಪಾಟಲನ್ನು ಹುಡುಕಿಕೊಂಡು ಹೋಗಬೇಕಿಲ್ಲ, ಎಲೆ ಹಾಕಿದಲ್ಲೆಲ್ಲ ಅದೇ ಬಂದು ಪಕ್ಕದಲ್ಲಿ ಕೂರುತ್ತದೆ. ನನ್ನ ಕೆಲಸ ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹದ ಮಾಡುವ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ಕಾಫಿ ರುಚಿ ನೋಡುವುದು. ಚಮಚದಲ್ಲಿ ಸುರ್ರೆಂದು ಹೀರಬೇಕು, ನಾಲಿಗೆ ಮೇಲೆ ಆಡಿಸಬೇಕು, ಉಗುಳಬೇಕು. ದೊಡ್ಡ ಕರುಳಿನಲ್ಲಿ ಹುಣ್ಣೆಂದು ಗೊತ್ತಾದ ದಿನವೇ ಡಾಕ್ಟರು ಖಾರ, ಕಾಫಿ ಎರಡನ್ನೂ ನಿಲ್ಲಿಸಿದರು. ಉಗುಳುವ ಕಾಫಿಗೆ ಮಾತ್ರ ಮಾಫಿ. ದಿನಕ್ಕೆ ನಲವತ್ತು ಕಪ್ ಬಾಯಿಗೆ ಬಂದರೂ ಒಂದು ಗುಟುಕು ನುಂಗುವಂತಿಲ್ಲ. ಎರಡು ವರ್ಷ ಆ ಒಂದು ಗುಟುಕಿನ ಆಸೆಯಲ್ಲೇ ಕಳೆದೆ.

ಹರಕೆ

ವಸ್ತಾರೆಯಲ್ಲಿ ನೆಂಟರ ಮದುವೆ. ಮೆತ್ತಗಿನ ಅನ್ನ, ನೀರು ಮಜ್ಜಿಗೆ ಸಾಕೆಂದೆ. ಬಡಿಸುತ್ತಿದ್ದ ಹೆಣ್ಣಿನ ಸೋದರಮಾವ ಹೋಳಿಗೆ ಹಿಡಿದು ನಿಂತೇ ಬಿಟ್ಟರು.

"ಹರಕೆನಾ?"

ಊಟದ ಪಂಕ್ತಿಯಲ್ಲಿ ಕರುಳಿನ ಸುದ್ದಿ ಎತ್ತುವುದು ಹೇಗೆ? ತಲೆಯಾಡಿಸಿದೆ.

"ಎಲ್ಲಿವರೆಗೆ?"

"ಡಾಕ್ಟರು ಹೇಳೋವರೆಗೆ."

"ಅದ್ಯಾವ ದೇವ್ರು ಮಾರಾಯ, ಡಾಕ್ಟ್ರ ಹತ್ರ ಹೇಳಿ ಕಳ್ಸೋದು?"

ನೋಟ್‌ಬುಕ್

ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರವಂತೆ. ತಿಂದದ್ದನ್ನೆಲ್ಲ ಬರೆದಿಡಿ ಎಂದರು ಆಸ್ಪತ್ರೆಯ ಡಯಟಿಷಿಯನ್. ನಾನು ಆಫೀಸಿನಲ್ಲಿ ಕಾಫಿ ರುಚಿ ಬರೆಯುವ ರೂಢಿಯಲ್ಲೇ ಬರೆದೆ: 'ಇಡ್ಲಿ. ಹದವಾದ ಹುಳಿ, ಹಗುರ ಮೈ.'

"ರುಚಿ ಬೇಡ, ಹೊಟ್ಟೆ ಹೇಗಿತ್ತು ಬರೀರಿ," ಎನ್ನುತ್ತ ಪುಟ ತಿರುಗಿಸಿದ ಅವರು ಗಾಬರಿಯಾದರು. "ಕಳಲೆ ಪಲ್ಯದ್ದೇ ನಾಲ್ಕು ಪುಟ ಇದೆ! ಎಷ್ಟು ತಿಂದ್ರಿ?"

"ತಿಂದಿಲ್ಲ ಮೇಡಂ. ಪಕ್ಕದ ಮನೆಯಿಂದ ವಾಸನೆ ಬಂತು."

ಅರ್ಧ ಲೋಟ

ಕೊನೆಗೂ ಹುಣ್ಣು ಮಾಯಿತು, ಅರ್ಧ ಲೋಟ ತೆಳು ಕಾಫಿ ಕುಡಿದು ನೋಡಿ ಎಂದು ಡಾಕ್ಟರು ಹೇಳಿದರು. ಖುಷಿಗೆ ಬಸ್‌ಸ್ಟ್ಯಾಂಡಿನಿಂದ ಮನೆವರೆಗೆ ಓಡಿದಂತೆಯೇ ನಡೆದೆ. ಹೆಂಡತಿ ಹೊಸ ಪುಡಿ ಹಾಕಿ ಡಿಕಾಕ್ಷನ್ ಇಳಿಸಿದಳು. ಜಗಲಿಯಲ್ಲಿ ಕೂತು, ಕಣ್ಣು ಮುಚ್ಚಿ, ಸುರ್ರೆಂದು ಹೀರಿ, ನಾಲಿಗೆ ಮೇಲೆ ಆಡಿಸಿ... ಪಿಚಕ್ಕನೆ ಅಂಗಳಕ್ಕೆ ಉಗುಳಿದೆ!

ಅವಳ ಮುಖ ಸಣ್ಣದಾಯಿತು. "ಚೆನ್ನಾಗಿಲ್ವೇನ್ರೀ?"

"ಅಯ್ಯೋ, ಅಭ್ಯಾಸ ಕಣೇ!"

ಇನ್ನೊಂದು ಗುಟುಕು ಹೀರಿದೆ. ಅದೂ ಅಂಗಳಕ್ಕೇ ಹೋಯಿತು. ಲೋಟದ ತಳದಲ್ಲಿ ಒಂದೇ ಗುಟುಕು ಉಳಿದಿತ್ತು, ನನಗೆ ಅಳುವೇ ಬಂತು. ಅವಳು ಲೋಟ ಕಿತ್ತುಕೊಂಡು, ಕರುವಿಗೆ ಔಷಧಿ ಕುಡಿಸುವ ಹಾಗೆ ನನ್ನ ಗಲ್ಲ ಎತ್ತಿ ಹಿಡಿದು, ಅದನ್ನು ಬಾಯಿಗೆ ಸುರಿದು ಅಂಗೈಯಿಂದ ಬಾಯಿ ಮುಚ್ಚಿದಳು.

"ನುಂಗಿ!"

ನುಂಗಿದೆ. ಕೈ ತೆಗೆದು ಆಸೆಯಿಂದ ಕೇಳಿದಳು, "ಈಗ ಹೇಳಿ, ಹೆಂಗಿತ್ತು?"

ನುಂಗುವ ಗಡಿಬಿಡಿಯಲ್ಲಿ ರುಚಿ ನೋಡುವುದನ್ನೇ ಮರೆತಿದ್ದೆ.